ನಾಯಿಯ ಮೈಯ ಉಣ್ಣಿ, ಗೂಡಿನ ಶೀಸೆ

ವಿಜಯಪುರದಿಂದ ಬಬಲೇಶ್ವರದತ್ತ ಹೊರಟರೆ ದಾರಿಯಲ್ಲಿ ಸಿಗುವ ಸಾರವಾಡ ಡೋಣಿ ಸೀಮೆಯ ಊರು. ಸುತ್ತಲೂ ಎರೆ ಹೊಲ, ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ. ಇಂಥ ಊರುಗಳಲ್ಲಿ ಎತ್ತು, ಎಮ್ಮೆ, ಕುರಿ, ಕೋಳಿ ಇರುವ ಮನೆಯಲ್ಲಿ ಒಂದು ನಾಯಿಯೂ ಇರುವುದು ವಾಡಿಕೆ. ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಒಂದು ಸಣ್ಣ ಶೀಸೆಯೂ ಇರುತ್ತದೆ. ಅದು ದನದ ಉಣ್ಣಿಗೆಂದು ತಂದ ಔಷಧ. ಮಳೆ ಬಿದ್ದು ನೆಲ ತೇವವಾದಾಗ ದನದ ಗಂಗೆದೊಗಲಿನಲ್ಲಿ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿಯಲ್ಲಿ ಉಣ್ಣಿ ಹತ್ತುತ್ತದೆ. ಶೀಸೆಯ ಮುಚ್ಚಳದಲ್ಲಿ ಅಳೆದು, ಬಕೆಟ್ ನೀರಿಗೆ ಬೆರೆಸಿ, ಬಟ್ಟೆ ಅದ್ದಿ ದನದ ಮೈ ಒರೆಸುತ್ತಾರೆ. ಬಕೆಟ್ಟಿನ ತಳದಲ್ಲಿ ಉಳಿದದ್ದನ್ನು ಚೆಲ್ಲುವುದೇಕೆ? ಬಾಗಿಲಲ್ಲಿ ಮಲಗಿದ ನಾಯಿಯ ಕಿವಿಯೊಳಗೂ ಉಣ್ಣಿ ಗೊಂಚಲುಗಟ್ಟಿರುತ್ತದೆ. ಉಳಿದ ನೀರು ನಾಯಿಯ ಪಾಲಾಗುತ್ತದೆ.

ಬಹಳ ಸಲ ಏನೂ ಆಗುವುದಿಲ್ಲ. ಉಣ್ಣಿ ಉದುರುತ್ತದೆ, ನಾಯಿ ಮೈ ಕೊಡವಿಕೊಂಡು ಓಡುತ್ತದೆ. ಆದರೆ ಒಮ್ಮೊಮ್ಮೆ ನಾಯಿ ಜೊಲ್ಲು ಸುರಿಸುತ್ತದೆ, ನಡುಗುತ್ತದೆ, ಹಿಂಗಾಲು ಸೋತು ಕುಸಿಯುತ್ತದೆ. ಆಗ ಔಷಧವೇ ವಿಷ ಎನ್ನುವವರು ಕೆಲವರು. ಇಷ್ಟು ದಿನ ಆಗದ್ದು ಈಗೇಕೆ ಆಯಿತು, ನಾಯಿಗೇ ಏನೋ ಊನವಿತ್ತು ಎನ್ನುವವರು ಇನ್ನು ಕೆಲವರು. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಉಣ್ಣಿ ಮತ್ತು ಚಿಗಟದ ಔಷಧಗಳ ನೂರು ವರ್ಷಗಳ ಚರಿತ್ರೆಯನ್ನು ತಿರುವಿ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಔಷಧದಿಂದ ಕೆಟ್ಟದ್ದಾದಾಗ ಪೆಟ್ಟು ತಿಂದದ್ದು ಹೆಚ್ಚಾಗಿ ಅದು ಯಾರಿಗಾಗಿ ತಯಾರಾಯಿತೋ ಅವರಲ್ಲ. ಪಕ್ಕದಲ್ಲಿದ್ದ ಇನ್ನೊಂದು ಜೀವಕ್ಕೆ ಆ ಪೆಟ್ಟು ಬಿದ್ದಿದೆ. ದನದ ಔಷಧ ನಾಯಿಗೆ, ನಾಯಿಯ ಔಷಧ ಬೆಕ್ಕಿಗೆ, ಮನೆಯೊಳಗಿನ ಔಷಧ ಹೊಳೆಯ ಹುಳಕ್ಕೆ.

ಕನ್ನಡ ನಾಡಿನಲ್ಲಿ ನಾಯಿಗೆ ಬೆಲೆ ಕಡಿಮೆಯೇನಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ ನಿಲ್ಲಿಸಿದ ಕಲ್ಲು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ದಲ್ಲಿ ನಾಯಿಗಳ ವಿನೋದಕ್ಕೆಂದೇ ಒಂದು ಭಾಗವಿದೆ. ಮೈಲಾರಲಿಂಗನ ಗೊರವರು ದೇವರ ನಾಯಿಗಳೆಂದು ತಮ್ಮನ್ನು ಕರೆದುಕೊಂಡು ಬೊಗಳುವುದನ್ನು ಜಾತ್ರೆಗಳಲ್ಲಿ ಕಂಡವರು ಬಹಳ. ಇನ್ನು ಮುಧೋಳದ ನಾಯಿ ಈ ಸೀಮೆಯದೇ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ತನಕ ಮುಧೋಳವೂ ವಿಜಯಪುರ ಜಿಲ್ಲೆಯಲ್ಲೇ ಇತ್ತು. ಘೋರ್ಪಡೆ ಮನೆತನದ ರಾಜಾ ಮಾಲೋಜಿರಾವ್ ಈ ತಳಿಯನ್ನು ಬೆಳೆಸಿ, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟ ಕಥೆ ಪ್ರಸಿದ್ಧ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಆದರೆ ಊರ ನಾಯಿಯಾಗಲಿ, ಮುಧೋಳದ ನಾಯಿಯಾಗಲಿ, ಉಣ್ಣಿಗೆ ಎರಡೂ ಒಂದೇ.

ಉಣ್ಣಿಯನ್ನು ಜನ ಬಹುಕಾಲ ಬರೀ ರಕ್ತ ಹೀರುವ ಕೊಳಕು ಹುಳ ಎಂದೇ ತಿಳಿದಿದ್ದರು. ಅದು ರೋಗವನ್ನೂ ಹೊತ್ತು ತರುತ್ತದೆ ಎಂಬುದು ರುಜುವಾತಾದದ್ದು 1893ರಲ್ಲಿ. ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬಿಬ್ಬರು, ಟೆಕ್ಸಾಸ್ ಜ್ವರವೆಂಬ ದನದ ರೋಗ ಉಣ್ಣಿಯ ಮೂಲಕ ಹರಡುತ್ತದೆಂದು ತೋರಿಸಿಕೊಟ್ಟರು. ಅಲ್ಲಿನ ದನಗಾಹಿಗಳು ಈ ಮಾತನ್ನು ಮೊದಲೇ ಆಡುತ್ತಿದ್ದರು, ಕೇಳಿದವರು ನಕ್ಕಿದ್ದರು. ನಾಯಿಗಳ ಸರದಿ ಭಾರತದಲ್ಲೂ ಬಂತು. 1905ರಲ್ಲಿ ಜೇಮ್ಸ್ ಎಂಬ ವೈದ್ಯ ಇಲ್ಲಿನ ನಾಯಿಗಳ ಬಿಳಿ ರಕ್ತಕಣದೊಳಗೆ ಒಂದು ಪರಜೀವಿಯನ್ನು ಕಂಡ. ನಾಯಿ ತನ್ನ ಮೈಯ ಉಣ್ಣಿಯನ್ನು ಹಲ್ಲಿನಿಂದ ಕಿತ್ತು ನುಂಗಿದರೆ ಆ ಪರಜೀವಿ ಒಳಹೋಗುತ್ತದೆ ಎಂಬುದು ಮುಂದೆ ತಿಳಿಯಿತು. 1910ರಲ್ಲಿ ಪ್ಯಾಟನ್ ಎಂಬಾತ ಮದ್ರಾಸಿನ ಬೇಟೆ ಕೂಟದ ನಾಯಿಗಳ ಕೆಂಪು ರಕ್ತಕಣದಲ್ಲಿ ಇನ್ನೊಂದನ್ನು ಗುರುತಿಸಿದ. ನರಿಯ ರಕ್ತದಲ್ಲೂ ಅದೇ ಸಿಕ್ಕಿತು. ಅದರ ಹೆಸರು ಬೆಬೇಸಿಯ ಗಿಬ್ಸೋನಿ. ಇವತ್ತು ಬೆಂಗಳೂರಿನಿಂದ ಬೆಳಗಾವಿಯವರೆಗೆ ಪಶುವೈದ್ಯರು ‘ಉಣ್ಣಿ ಜ್ವರ’ ಎಂದು ಹೇಳುವ ರೋಗಗಳಲ್ಲಿ ಇದೂ ಒಂದು.

ಮೂರನೆಯ ರೋಗ 1935ರಲ್ಲಿ ಅಲ್ಜೀರಿಯದಲ್ಲಿ ಕಂಡಿತು. ಪಾಶ್ಚರ್ ಸಂಸ್ಥೆಯವರು ಪ್ರಯೋಗಕ್ಕೆ ಸಾಕಿದ್ದ ನಾಯಿಗಳ ಮೈತುಂಬ ಉಣ್ಣಿ ಹತ್ತಿ, ಅವು ಜ್ವರದಿಂದ ಸಾಯತೊಡಗಿದವು. ಎರ್ಲೀಕಿಯ ಎಂಬ ಈ ಸೂಕ್ಷ್ಮಾಣುವನ್ನು ಆಗ ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. 1960ರ ದಶಕದ ಕೊನೆಗೆ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯದ ನಾಯಿಗಳು ನೂರಾರು ಸಂಖ್ಯೆಯಲ್ಲಿ ಮೂಗಿನಿಂದ ರಕ್ತ ಸುರಿದು ಸತ್ತಾಗಲೇ ಜಗತ್ತು ಕಣ್ಣು ಬಿಟ್ಟದ್ದು. ಈ ಮೂರೂ ರೋಗಗಳ ಹಿಂದೆ ಕಂದು ಬಣ್ಣದ ನಾಯಿ ಉಣ್ಣಿ ಇದೆ. ಬೆಬೇಸಿಯ ಮಾತ್ರ ಬೇರೆ ಜಾತಿಯ ಉಣ್ಣಿಯಿಂದಲೂ ಬರುತ್ತದೆ. ಉಣ್ಣಿ ಕಚ್ಚಿ ಕೆಲವೇ ಗಂಟೆಗಳಲ್ಲಿ ಎರ್ಲೀಕಿಯ ನಾಯಿಯ ಮೈ ಸೇರಬಲ್ಲದು. ಆದ್ದರಿಂದ ಔಷಧವನ್ನೇ ಹಾಕದೆ ಬಿಡುವುದು ಅಪಾಯವಿಲ್ಲದ ದಾರಿ ಎಂದು ಯಾರಾದರೂ ಹೇಳಿದರೆ, ಅವರು ತಕ್ಕಡಿಯ ಒಂದು ತಟ್ಟೆಯನ್ನು ಮಾತ್ರ ನೋಡಿದ್ದಾರೆ.

ಮನುಷ್ಯನ ಪಾಲಿಗೂ ಈ ಹುಳಗಳು ಸಣ್ಣವಲ್ಲ. 1898ರಲ್ಲಿ ಕರಾಚಿಯಲ್ಲಿದ್ದ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್, ಪ್ಲೇಗು ಇಲಿಯಿಂದ ಮನುಷ್ಯನಿಗೆ ಚಿಗಟದ ಮೂಲಕ ಬರುತ್ತದೆಂದು ಕಂಡುಕೊಂಡ. ಆ ವರ್ಷವೇ ಹುಬ್ಬಳ್ಳಿ ಸೀಮೆಯಲ್ಲಿ ಜನ ಮನೆ ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿಕೊಂಡಿದ್ದರು. ಸಿಮೊಂಡನ ಮಾತನ್ನು ಪಂಡಿತರು ಒಪ್ಪಲು ಹತ್ತಿರಹತ್ತಿರ ಹತ್ತು ವರ್ಷ ಬೇಕಾಯಿತು. ಅದು ಇಲಿಯ ಚಿಗಟ, ನಾಯಿಯದು ಬೇರೆ ಜಾತಿ. ಆದರೂ ಚಿಗಟವೆಂದರೆ ಅಂಜುವ ರೂಢಿ ಆಗ ಬಲವಾಯಿತು. ಮಲೆನಾಡಿನಲ್ಲಿ ‘ಉಣುಗು’ ಎಂಬ ಮಾತಿಗೆ ಭಯ ಸೇರಿದ್ದು 1957ರಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಅವುಗಳ ಹಿಂದೆಯೇ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನೂ ಅದನ್ನು ಹರಡುವ ಕಾಡಿನ ಉಣುಗನ್ನೂ ಗುರುತಿಸಿದರು. ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆಯ ಸುದ್ದಿ. ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳುವ ಡೀಪಾ ತೈಲ ರಕ್ಷಣಾ ಸಂಶೋಧನಾ ಸಂಸ್ಥೆಯ ಕೊಡುಗೆ. ಮಂಗ ಸತ್ತ ಜಾಗದ ಸುತ್ತ ಮೆಲಾಥಿಯಾನ್ ಪುಡಿ ಚೆಲ್ಲುವುದೂ ನಡೆದಿದೆ. ಅಲ್ಲಿ ಪುಡಿಯ ಅಪಾಯವನ್ನು ಯಾರೂ ಅಲ್ಲಗಳೆಯಲಿಲ್ಲ. ಎದುರಿಗಿದ್ದ ಸಾವು ಅದಕ್ಕಿಂತ ದೊಡ್ಡದಾಗಿತ್ತು, ಅಷ್ಟೆ.

ಹಾಗಾದರೆ ಹಿಂದಿನವರು ಏನು ಮಾಡುತ್ತಿದ್ದರು? ಕುರಿ ಕಾಯುವವರು ಸಂಜೆ ಹಟ್ಟಿಯಲ್ಲಿ ಕೂತು ನಾಯಿಯ ಕಿವಿ, ಬೆರಳ ಸಂದಿ ಬಿಡಿಸಿ ಉಣ್ಣಿ ಕಿತ್ತು ಕೆಂಡಕ್ಕೆ ಹಾಕುತ್ತಿದ್ದರು. ನಿಧಾನದ ಕೆಲಸ, ಆದರೆ ಎಲ್ಲಕ್ಕಿಂತ ನಿರಪಾಯ. ಬೇವಿನೆಣ್ಣೆ, ಹೊಂಗೆ ಎಣ್ಣೆ, ಬಜೆಯ ಪುಡಿ ಹಚ್ಚುವುದಿತ್ತು. ತಂಬಾಕಿನ ಕಷಾಯವಿತ್ತು. ಸೀತಾಫಲದ ಬೀಜ ಅರೆದು ಹಚ್ಚುವುದಿತ್ತು. ಸೀಮೆ ಎಣ್ಣೆ ಬಂದ ಮೇಲೆ ಅದೂ ಸೇರಿತು. ‘ಹಳ್ಳಿ ಮದ್ದು, ಅಪಾಯವಿಲ್ಲ’ ಎಂದು ಪೇಟೆಯವರು ಈಗ ಇವನ್ನು ಹೊಗಳುವುದುಂಟು. ಆದರೆ ತಂಬಾಕಿನ ನಿಕೋಟಿನ್ ಜೀವ ತೆಗೆಯಬಲ್ಲ ವಿಷ. ಕಷಾಯ ಎಷ್ಟು ಗಟ್ಟಿ ಎಂದು ಅಳೆಯುವ ಬಗೆಯೇ ಇಲ್ಲ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಪಾಪೆಯ ಮುಂದಿನ ಪೊರೆ ಸುಡುತ್ತದೆ. ಸೀಮೆ ಎಣ್ಣೆ ಚರ್ಮ ಸುಡುತ್ತದೆ. ನಾಯಿ ನೆಕ್ಕಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೇವಿನೆಣ್ಣೆಯನ್ನೂ ಎಳೆಮಕ್ಕಳಿಗೆ ಕುಡಿಸಿ ಸಾವು ಕಂಡ ಪ್ರಸಂಗಗಳು ವೈದ್ಯರ ದಾಖಲೆಯಲ್ಲಿವೆ. ಗಿಡದಿಂದ ಬಂದದ್ದೆಂಬ ಒಂದೇ ಕಾರಣಕ್ಕೆ ಯಾವುದೂ ಸೌಮ್ಯವಾಗುವುದಿಲ್ಲ. ಇವತ್ತಿನ ಶೀಸೆಯ ಔಷಧಗಳಲ್ಲಿ ಒಂದು ದೊಡ್ಡ ಕುಲ ಹುಟ್ಟಿದ್ದೂ ಸೇವಂತಿಗೆ ಜಾತಿಯ ಒಂದು ಹೂವಿನ ಪುಡಿಯಿಂದಲೇ.

ಕಾರ್ಖಾನೆಯ ಔಷಧಗಳ ಕಥೆ ಶುರುವಾಗುವುದು ಪಾಷಾಣದಿಂದ. ಹತ್ತೊಂಬತ್ತನೆಯ ಶತಮಾನದ ನಡುವೆ ಇಂಗ್ಲೆಂಡಿನ ವಿಲಿಯಂ ಕೂಪರ್ ಎಂಬ ಪಶುವೈದ್ಯ ಪಾಷಾಣ ಮತ್ತು ಗಂಧಕ ಬೆರೆಸಿ ಕುರಿ ಅದ್ದುವ ಪುಡಿ ಮಾಡಿದ. ಕುರಿ ಸಾಕುವ ದೇಶಗಳೆಲ್ಲ ಅದನ್ನು ಕೊಂಡವು. ಅಮೆರಿಕ 1906ರಲ್ಲಿ ದನದ ಉಣ್ಣಿಯ ನಿರ್ಮೂಲನಕ್ಕೆ ಹೊರಟು, ಪಾಷಾಣದ ನೀರು ತುಂಬಿದ ತೊಟ್ಟಿಗಳಲ್ಲಿ ದನಗಳನ್ನು ಇಳಿಸಿ ಹತ್ತಿಸಿತು. ಉಣ್ಣಿ ಹೋಯಿತು. ಆ ತೊಟ್ಟಿಗಳಿದ್ದ ಜಾಗದ ಮಣ್ಣಿನಲ್ಲಿ ಪಾಷಾಣ ಮಾತ್ರ ಇನ್ನೂ ಉಳಿದಿದೆ.

ನಂತರ ಬಂದದ್ದು ಡಿಡಿಟಿ. ಅದರ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪಾಲ್ ಮ್ಯುಲ್ಲರ್‌ಗೆ 1948ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ 1953ರಿಂದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಮನೆ ಮನೆಯ ಗೋಡೆಗೆ ಡಿಡಿಟಿ ಹೊಡೆದರು. ಜೊತೆಗೇ ಬಿಎಚ್‌ಸಿ ಬಂತು. ಹಳ್ಳಿಗಳಲ್ಲಿ ‘ಗೆಮೆಕ್ಸಿನ್ ಪುಡಿ’ ಎಂದರೆ ತಿಳಿಯದವರಿರಲಿಲ್ಲ. ಇರುವೆಗೆ, ತಗಣಿಗೆ, ಜೋಳದ ಹುಳಕ್ಕೆ, ನಾಯಿಯ ಉಣ್ಣಿಗೆ, ಕಡೆಗೆ ಮಕ್ಕಳ ತಲೆಯ ಹೇನಿಗೂ ಅದೇ ಪುಡಿ. ಘಾಟು ವಾಸನೆಯ ಆ ಬಿಳಿ ಪುಡಿಯನ್ನು ನಾಯಿಯ ಬೆನ್ನಿಗೆ ಉಜ್ಜುತ್ತಿದ್ದ ಕೈ ಅದೇ ಗಳಿಗೆಯಲ್ಲಿ ರೊಟ್ಟಿ ತಟ್ಟುವ ಕೈಯೂ ಆಗಿರುತ್ತಿತ್ತು. ಇದು ಕೊಬ್ಬಿನಲ್ಲಿ ಕೂಡುತ್ತ ಹೋಗುವ, ಬೇಗ ಕರಗದ ಪದಾರ್ಥ. ಭಾರತ 1997ರ ಏಪ್ರಿಲ್ 1ರಿಂದ ಬಿಎಚ್‌ಸಿಯನ್ನು ನಿಷೇಧಿಸಿತು. ಅದರದೇ ಶುದ್ಧ ರೂಪವಾದ ಲಿಂಡೇನ್ 2013ರಲ್ಲಿ ನಿಂತಿತು. ಅರ್ಧ ಶತಮಾನ ‘ಏನೂ ಆಗುವುದಿಲ್ಲ’ ಎಂದು ಬಳಸಿದ ಪುಡಿಯದು ಈ ಗತಿ.

ನಡುವೆ 1958ರಲ್ಲಿ ಕೇರಳದಲ್ಲಿ ಒಂದು ಅನಾಹುತ ನಡೆಯಿತು. ಪ್ಯಾರಾಥಿಯಾನ್ ಎಂಬ ಕೀಟನಾಶಕ ಗೋಧಿಹಿಟ್ಟಿಗೆ ಸೋಕಿ ನೂರಕ್ಕೂ ಹೆಚ್ಚು ಜನ ಸತ್ತರು. ಅದರ ವಿಚಾರಣೆಯ ಬೆನ್ನಿಗೇ 1968ರ ಕೀಟನಾಶಕ ಕಾಯ್ದೆ ಬಂತು. ಕೃಷಿ ಔಷಧದ ಡಬ್ಬಿಯ ಮೇಲೆ ಈಗ ಕಾಣುವ ಬಣ್ಣದ ಗುರುತು ಆ ಕಾಯ್ದೆಯಡಿ ಮಾಡಿದ ನಿಯಮಗಳದು. ಕೆಂಪು ಅತ್ಯಂತ ಘೋರ, ಅನಂತರ ಹಳದಿ, ನೀಲಿ, ಹಸಿರು. ಹಸಿರೆಂದರೆ ವಿಷವಿಲ್ಲ ಎಂದು ಓದುವವರಿದ್ದಾರೆ; ಅದು ಕಡಿಮೆ ವಿಷ ಮಾತ್ರ. ಬೆಳೆಗೆ ಹೊಡೆಯುವ ಔಷಧಕ್ಕೂ ಪ್ರಾಣಿಯ ಮೈಗೆ ಹಚ್ಚುವುದಕ್ಕೂ ಮೂಲದ್ರವ್ಯ ಒಂದೇ ಇರಬಹುದು. ಆದರೆ ಅದನ್ನು ಕರಗಿಸಿದ ಎಣ್ಣೆ, ಅದರ ಸಾಂದ್ರತೆ ಬೇರೆ. ಹತ್ತಿಗೆ ತಂದದ್ದನ್ನು ನಾಯಿಗೆ ಸುರಿಯುವಲ್ಲಿ ನಡೆಯುವ ಎಡವಟ್ಟು ಇದೇ.

ಗೂಡಿನ ಶೀಸೆಗೆ ಬರೋಣ. ಅದರಲ್ಲಿ ಸಾಮಾನ್ಯವಾಗಿ ಇರುವುದು ಎರಡರಲ್ಲಿ ಒಂದು: ಡೆಲ್ಟಾಮೆಥ್ರಿನ್ ಇಲ್ಲವೆ ಅಮಿಟ್ರಾಜ್. ಡೆಲ್ಟಾಮೆಥ್ರಿನ್ನೂ ಅದರ ಅಣ್ಣನಾದ ಪರ್ಮೆಥ್ರಿನ್ನೂ ಮೇಲೆ ಹೇಳಿದ ಹೂವಿನ ಕುಲದವು. 1970ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಮೈಕೆಲ್ ಎಲಿಯಟ್ ಮತ್ತು ಸಂಗಡಿಗರು ತಯಾರಿಸಿದರು. ಉಣ್ಣಿಯ ನರವನ್ನು ಕೆಡಿಸುವ ಇವು ದನ, ನಾಯಿಗಳಿಗೆ ಸರಿಯಾದ ಅಳತೆಯಲ್ಲಿ ಒಗ್ಗುತ್ತವೆ. ಬೆಕ್ಕಿಗೆ ಒಗ್ಗುವುದಿಲ್ಲ. ಇಂಥ ಪದಾರ್ಥಗಳನ್ನು ಮುರಿದು ಹೊರಹಾಕುವ ಒಂದು ಕೆಲಸವನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಮಾಡಲಾರದು. ನಾಯಿಯ ಬೆನ್ನಿಗೆಂದು ಮಾಡಿದ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿಗೆ ಹಾಕಿದರೆ ನಡುಕ, ಸೆಳೆತ, ಸಾವು. ನೇರವಾಗಿ ಹಾಕಬೇಕೆಂದೂ ಇಲ್ಲ. ಹನಿ ಹಾಕಿಸಿಕೊಂಡ ನಾಯಿಯ ಪಕ್ಕ ಬೆಕ್ಕು ಒರಗಿ ಮಲಗಿದರೂ ಸಾಕು. ಅಮಿಟ್ರಾಜ್ ಬೇರೆ ಬಗೆಯದು. ಹೆಚ್ಚಾದರೆ ನಾಯಿ ಮಂಪರಿನಲ್ಲಿ ಮಲಗುತ್ತದೆ, ಎದೆಬಡಿತ ನಿಧಾನವಾಗುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಅದಕ್ಕೆ ಮಾರುಮದ್ದು ಉಂಟು, ಆದರೆ ಅದು ಎಲ್ಲ ಊರಿನ ದವಾಖಾನೆಯಲ್ಲೂ ಸಿಗುವಂಥದ್ದಲ್ಲ. ದನದ ಮೈಗೆ ಬೆರೆಸಿದ ನೀರು ನಾಯಿಗೆ ಹೆಚ್ಚಾಗುವುದು ಏಕೆಂದರೆ, ಪ್ರಾಣಿ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ಮೇಲಾಗಿ ನಾಯಿ ತನ್ನ ಮೈಯನ್ನೆಲ್ಲ ನೆಕ್ಕಿಕೊಳ್ಳುತ್ತದೆ. ಮರಿಗಳಂತೂ ಒಂದನ್ನೊಂದು ನೆಕ್ಕುತ್ತವೆ.

ಶೀಸೆಗಿಂತ ಹೆಚ್ಚು ವಿಸ್ತಾರವಾಗಿ ಹೇಳಬೇಕಾದದ್ದು ಸೂಜಿಯ ಕಥೆ. 1970ರ ದಶಕದ ಮೊದಲಲ್ಲಿ ಜಪಾನಿನ ಸತೋಷಿ ಓಮುರಾ ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಿಂದ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಅಮೆರಿಕದಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ತಂಡ ಅದರಿಂದ ಐವರ್ಮೆಕ್ಟಿನ್ ತೆಗೆಯಿತು. 1981ರಲ್ಲಿ ಅದು ಪಶು ಔಷಧವಾಗಿ ಮಾರಾಟಕ್ಕೆ ಬಂತು. ಆಫ್ರಿಕದಲ್ಲಿ ನೊಣದಿಂದ ಬರುವ ಕುರುಡುತನವನ್ನು ತಡೆದ ಈ ಔಷಧಕ್ಕಾಗಿ ಇಬ್ಬರಿಗೂ 2015ರಲ್ಲಿ ನೊಬೆಲ್ ಸಂದಿತು. ಆದರೆ ಮಾರುಕಟ್ಟೆಗೆ ಬಂದ ಕೆಲವೇ ವರ್ಷಗಳಲ್ಲಿ ಒಂದು ಒಗಟು ಎದ್ದಿತು. ಕೋಲಿ ಎಂಬ ಸ್ಕಾಟ್ಲೆಂಡಿನ ಕುರಿ ಕಾಯುವ ನಾಯಿಗಳು, ಉಳಿದ ನಾಯಿಗಳು ತಾಳಿಕೊಳ್ಳುವ ಅಳತೆಗೇ ತೂರಾಡಿ, ಕುರುಡಾಗಿ, ಎಚ್ಚರ ತಪ್ಪಿ ಬೀಳುತ್ತಿದ್ದವು. ಕಾರಣ ಸಿಕ್ಕಿದ್ದು 2001ರಲ್ಲಿ. ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದ ಕಟ್ರೀನಾ ಮೀಲಿ ಮತ್ತು ಸಂಗಡಿಗರು, ಮೆದುಳಿನ ಬಾಗಿಲಲ್ಲಿ ಕಾವಲುಗಾರನಂತೆ ನಿಂತು ವಿಷವನ್ನು ಹೊರದಬ್ಬುವ ಒಂದು ಪ್ರೋಟೀನು ಈ ನಾಯಿಗಳಲ್ಲಿ ಸರಿಯಾಗಿ ತಯಾರಾಗುವುದೇ ಇಲ್ಲವೆಂದು ಕಂಡುಕೊಂಡರು. ವಂಶವಾಹಿಯಲ್ಲಿ ನಾಲ್ಕೇ ನಾಲ್ಕು ಅಕ್ಷರ ಬಿಟ್ಟುಹೋದದ್ದರ ಫಲ. ಅಮೆರಿಕದಲ್ಲಿ ಕೋಲಿ ತಳಿಯ ನಾಲ್ಕು ನಾಯಿಗಳಲ್ಲಿ ಸುಮಾರು ಮೂರರಲ್ಲಿ ಈ ದೋಷವಿದೆ. ‘ನಾಯಿಗೆ ಸುರಕ್ಷಿತ’ ಎಂಬ ಮಾತಿನಲ್ಲಿ ನಾಯಿ ಎಂದರೆ ಯಾವ ನಾಯಿ ಎಂದು ಅಲ್ಲಿಂದ ಕೇಳಬೇಕಾಯಿತು. ಓಟದ ಗ್ರೇಹೌಂಡ್ ನಾಯಿಗಳು ಕೆಲವು ಅರಿವಳಿಕೆ ಔಷಧಗಳಿಂದ ಬೇಗ ಎಚ್ಚರಗೊಳ್ಳುವುದಿಲ್ಲ ಎಂಬುದೂ ಪಶುವೈದ್ಯರಿಗೆ ಹಳೆಯ ಅನುಭವ. ಮೈಯಲ್ಲಿ ಕೊಬ್ಬು ಕಡಿಮೆ ಇರುವುದು ಅದಕ್ಕೊಂದು ಕಾರಣ. ಮುಧೋಳದ ನಾಯಿಯ ಮೈಕಟ್ಟೂ ಅದೇ ಮಾದರಿಯದು.

ಇನ್ನು ಲೆಕ್ಕ. ದನಕ್ಕೆ ಕೊಡುವ ಐವರ್ಮೆಕ್ಟಿನ್ ಸೂಜಿಮದ್ದಿನ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುತ್ತದೆ. ದನಕ್ಕೆ ಅಳತೆ 50 ಕಿಲೋ ತೂಕಕ್ಕೆ ಒಂದು ಮಿಲಿಲೀಟರ್; ಎಂದರೆ ಕಿಲೋಗೆ 200 ಮೈಕ್ರೋಗ್ರಾಂ. ಹೃದಯದ ಹುಳು ತಡೆಯಲು ನಾಯಿಗೆ ತಿಂಗಳಿಗೊಮ್ಮೆ ಕೊಡುವ ಗುಳಿಗೆಯಲ್ಲಿ ಕಿಲೋಗೆ ಬರೀ 6 ಮೈಕ್ರೋಗ್ರಾಂ. ಇಷ್ಟನ್ನು ದೋಷವಿರುವ ಕೋಲಿಯೂ ತಾಳಿಕೊಳ್ಳುತ್ತದೆ. ಈಗ 10 ಕಿಲೋ ತೂಗುವ ಮರಿಗೆ ‘ಒಂದೇ ಒಂದು ಎಂ.ಎಲ್.’ ದನದ ಮದ್ದು ಚುಚ್ಚಿದರೆ ಎಷ್ಟಾಯಿತು? ಕಿಲೋಗೆ 1,000 ಮೈಕ್ರೋಗ್ರಾಂ. ದನದ ಅಳತೆಯ ಐದು ಪಟ್ಟು, ಗುಳಿಗೆಯ ಅಳತೆಯ ನೂರೈವತ್ತು ಪಟ್ಟಿಗೂ ಮಿಗಿಲು. ಇಷ್ಟೆಲ್ಲ ಮಾಡಿಯೂ ನಾಯಿಯ ಉಣ್ಣಿಯ ಮೇಲೆ ಆ ಔಷಧ ಹೇಳಿಕೊಳ್ಳುವಷ್ಟು ನಾಟುವುದಿಲ್ಲ. ಕಜ್ಜಿಗೆ ನಾಟಿದ್ದನ್ನು ಕಂಡು ಉಣ್ಣಿಗೂ ಆಗುತ್ತದೆಂದು ನಂಬಿದ್ದೇ ಈ ರೂಢಿಯ ಮೂಲ.

1990ರ ದಶಕದ ನಡುವೆ ಬೆನ್ನಿಗೆ ಹಾಕುವ ಹನಿಗಳು ಬಂದವು. ಫಿಪ್ರೊನಿಲ್, ಇಮಿಡಾಕ್ಲೊಪ್ರಿಡ್ ಎಂಬ ಹೆಸರುಗಳು ಆಗ ಹೊಸವು. ಹಿಂದಿನವಕ್ಕಿಂತ ಇವು ನಾಯಿಗೆ ಬಹಳ ಸೌಮ್ಯ. ಆದರೆ ಫಿಪ್ರೊನಿಲ್ ಮೊಲವನ್ನು ಕೊಲ್ಲುತ್ತದೆ. 2017ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ ದೇಶಗಳಲ್ಲಿ ಕೋಳಿಮನೆಯ ಹುಳಕ್ಕೆ ಇದನ್ನು ಕದ್ದು ಬೆರೆಸಿದ್ದು ಹೊರಬಿದ್ದು, ಲಕ್ಷಗಟ್ಟಲೆ ಮೊಟ್ಟೆಗಳನ್ನು ನಾಶಮಾಡಬೇಕಾಯಿತು. ಅಮೆರಿಕದಲ್ಲಿ 2008ರ ಒಂದೇ ವರ್ಷ ಹನಿ ಔಷಧಗಳ ಬಗ್ಗೆ ಸುಮಾರು 44,000 ದೂರುಗಳು ಬಂದವು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ತನಿಖೆ ಮಾಡಿ 2010ರಲ್ಲಿ ಹೇಳಿದ್ದೇನೆಂದರೆ: ಹೆಚ್ಚು ಪೆಟ್ಟು ತಿಂದವು ಚಿಕ್ಕ ಗಾತ್ರದ ನಾಯಿಗಳು, ಬೆಕ್ಕುಗಳ ವಿಷಯದಲ್ಲಿ ನಾಯಿಯ ಔಷಧವನ್ನು ಹಾಕಿದ್ದೇ ದೊಡ್ಡ ಕಾರಣ.

ಈಗಿನ ಹೊಸಬರು ಬಾಯಿಗೆ ಕೊಡುವ ಗುಳಿಗೆಗಳು. 2013ರಿಂದೀಚೆಗೆ ಬಂದ ಅಫಾಕ್ಸೊಲೇನರ್, ಫ್ಲುರಲೇನರ್ ಮೊದಲಾದವು ಭಾರತದ ಔಷಧದಂಗಡಿಗೂ ಬಂದಿವೆ. ಇವು ಹುಳದ ನರದಲ್ಲಿರುವ ಒಂದು ಬೀಗಕ್ಕೆ ಕೂರುವ ಕೀಲಿ. ಪ್ರಾಣಿಗಳ ನರದ ಬೀಗಕ್ಕೆ ಅಷ್ಟಾಗಿ ಕೂರುವುದಿಲ್ಲ. ನೆಕ್ಕುವ ಭಯವಿಲ್ಲ, ಮಕ್ಕಳ ಕೈಗೆ ಅಂಟುವುದಿಲ್ಲ. ಆದರೂ 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿತು: ಕೆಲವು ನಾಯಿ, ಬೆಕ್ಕುಗಳಲ್ಲಿ ನಡುಕ, ತೂರಾಟ, ಮೂರ್ಛೆ ಕಂಡಿದೆ, ಬಹುಪಾಲು ಪ್ರಾಣಿಗಳಿಗೆ ಔಷಧ ಸುರಕ್ಷಿತ, ಆದರೆ ಹಿಂದೆ ಮೂರ್ಛೆ ಬಂದ ಪ್ರಾಣಿಯಾದರೆ ವೈದ್ಯರಿಗೆ ತಿಳಿಸಿ. ಇನ್ನೊಂದು ಮಿತಿ, ಉಣ್ಣಿ ಕಚ್ಚಿ ರಕ್ತ ಹೀರಿದ ಮೇಲೆಯೇ ಗುಳಿಗೆ ಅದನ್ನು ಕೊಲ್ಲುವುದು. ಕಚ್ಚುವ ಮೊದಲೇ ಅಟ್ಟಬಲ್ಲದ್ದು ಪರ್ಮೆಥ್ರಿನ್. ಬೆಕ್ಕಿರುವ ಮನೆಗೆ ಅದು ಯಮ. ಒಂದೇ ಔಷಧ ಎಲ್ಲ ಮನೆಗೂ ಸಲ್ಲದಿರುವುದು ಹೀಗೆ.

ದೂರುಗಳ ಸಂಖ್ಯೆಯನ್ನು ಓದುವುದಕ್ಕೂ ಒಂದು ಅಭ್ಯಾಸ ಬೇಕು. 2021ರಲ್ಲಿ ಅಮೆರಿಕದ ಪತ್ರಿಕೆಗಳು, ಒಂದು ಪ್ರಸಿದ್ಧ ಉಣ್ಣಿ ಕೊರಳಪಟ್ಟಿಯ ಬಗ್ಗೆ 75,000 ದೂರುಗಳಿವೆ, ಅದರಲ್ಲಿ ಸುಮಾರು 1,700 ಸಾವುಗಳಿವೆ ಎಂದು ಬರೆದವು. ಓದಿದವರ ಎದೆ ನಡುಗಿತು. ಆದರೆ ಮಾರಾಟವಾದ ಪಟ್ಟಿಗಳು ಎರಡೂವರೆ ಕೋಟಿ. ಅಷ್ಟು ಪ್ರಾಣಿಗಳಲ್ಲಿ ಮುಪ್ಪಿನಿಂದ, ಬೇರೆ ರೋಗದಿಂದ ಸತ್ತವೂ ಇರಬೇಕು. ಎಲ್ಲ ಸಾವೂ ಪಟ್ಟಿಯದಲ್ಲ. ಹಾಗೆಂದು ದೂರು ಕೊಡದೆ ಸುಮ್ಮನಾದವರೂ ಇದ್ದಾರೆ. ನಿಜವಾದ ಹಾನಿ ಅದಕ್ಕಿಂತ ಹೆಚ್ಚೂ ಇರಬಹುದು. ಎರಡು ವರ್ಷದ ಪರಿಶೀಲನೆಯ ನಂತರ, 2023ರಲ್ಲಿ ಸಂಸ್ಥೆ ಪಟ್ಟಿಯನ್ನು ಉಳಿಸಿಕೊಂಡು ಮಾಹಿತಿ ಕೊಡುವ ಷರತ್ತುಗಳನ್ನು ಬಿಗಿ ಮಾಡಿತು. ನಮ್ಮಲ್ಲಿ ನಾಯಿ ಸತ್ತರೆ ಬರೆದಿಡುವವರೇ ಅಪರೂಪ. ಲೆಕ್ಕವಿಲ್ಲದಿರುವುದನ್ನು ಸುರಕ್ಷಿತವೆಂದು ಓದಿಕೊಳ್ಳುವುದು ಸುಲಭ.

ಔಷಧ ನಾಯಿಯ ಮೈಯಿಂದ ಎಲ್ಲಿಗೆ ಹೋಗುತ್ತದೆಂದು ಕೇಳಿದವರು ಇತ್ತೀಚಿನವರು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 20 ನದಿಗಳ ನೀರಿನ ಮಾದರಿಗಳನ್ನು ನೋಡಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇಕಡ 98ರಷ್ಟು ಮಾದರಿಗಳಲ್ಲಿ ಫಿಪ್ರೊನಿಲ್ ಇತ್ತು. ಆ ದೇಶದ ಹೊಲಗಳಲ್ಲಿ ಅದರ ಬಳಕೆ ನಿಂತಿತ್ತು. ನಾಯಿ, ಬೆಕ್ಕುಗಳ ಸ್ನಾನದ ನೀರು, ಒಗೆದ ಹಾಸಿಗೆಯ ನೀರು ಚರಂಡಿ ಹಿಡಿದು ಹೊಳೆ ಸೇರಿತ್ತೆಂದು ಅವರು ಊಹಿಸಿದರು. 2025ರಲ್ಲಿ ಅದೇ ವಿಶ್ವವಿದ್ಯಾಲಯದವರು ಸಣ್ಣ ಹಕ್ಕಿಗಳ 103 ಗೂಡುಗಳನ್ನು ಬಿಚ್ಚಿ ನೋಡಿದಾಗ ಎಲ್ಲದರಲ್ಲೂ ಫಿಪ್ರೊನಿಲ್ ಸಿಕ್ಕಿತು. ಮೊಟ್ಟೆಗೆ ಮೆತ್ತೆಯಾಗಲೆಂದು ಹಕ್ಕಿಗಳು ನಾಯಿಯ ಕೂದಲು ಆರಿಸಿ ತಂದಿದ್ದವು. ಡೋಣಿಯಂಥ ಹೊಳೆಯಲ್ಲಿ ಬೇಸಿಗೆಗೆ ಉಳಿಯುವುದು ಅಲ್ಲೊಂದು ಇಲ್ಲೊಂದು ಮಡು. ಡೆಲ್ಟಾಮೆಥ್ರಿನ್ ಮೀನಿಗೂ ನೀರಹುಳಕ್ಕೂ ಘೋರ ವಿಷ. ಮೈ ತೊಳೆಸಿದ ದನವನ್ನೋ ನಾಯಿಯನ್ನೋ ಅಂಥ ಮಡುವಿಗೆ ಇಳಿಸಿದರೆ ತಿಳಿಗೊಳಿಸಲು ಅಲ್ಲಿ ಹರಿವೇ ಇರುವುದಿಲ್ಲ.

ಇಷ್ಟೆಲ್ಲದರ ನಡುವೆ ಮರೆತುಹೋಗುವ ಸಂಗತಿಯೆಂದರೆ, ನಾಯಿಯ ಕಂದು ಉಣ್ಣಿ ತನ್ನ ಆಯುಸ್ಸಿನ ಬಹುಭಾಗ ನಾಯಿಯ ಮೈಮೇಲೆ ಇರುವುದೇ ಇಲ್ಲ. ರಕ್ತ ಹೀರಿ ಉಬ್ಬಿದ ಹೆಣ್ಣು ಕೆಳಗೆ ಉದುರಿ, ಗೋಡೆ ಹತ್ತಿ, ಕಲ್ಲಿನ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಮರಿಗಳು ನಾಯಿ ಹತ್ತುವುದು, ಇಳಿಯುವುದು, ಪೊರೆ ಬಿಡುವುದು ಹೀಗೆ ಮೂರು ಸಲ. ಕಲ್ಲು ಮಣ್ಣಿನ ಗೋಡೆ, ಮೇಲ್ಮುದ್ದೆಯ ಮನೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಆದ್ದರಿಂದ ಇವತ್ತು ನಾಯಿಯ ಮೈ ತೊಳೆದರೂ ವಾರದಲ್ಲಿ ಮತ್ತೆ ಉಣ್ಣಿ ಕಾಣುತ್ತದೆ. ಔಷಧ ನಾಟಲಿಲ್ಲ, ಇನ್ನಷ್ಟು ಗಟ್ಟಿ ಮಾಡೋಣ ಎಂದು ಎರಡನೆಯ ಸಲ ಮುಚ್ಚಳದ ಅಳತೆ ಎರಡಾಗುವುದು, ನಾಯಿ ಬೀಳುವುದು ಹೆಚ್ಚಾಗಿ ಆಗಲೇ. ಸಂದಿಗೆ ಗಾರೆ ಮೆತ್ತಿದರೆ, ಮಲಗುವ ಗೋಣಿತಟ್ಟನ್ನು ಬಿಸಿನೀರಲ್ಲಿ ಒಗೆದರೆ, ದಿನವೂ ಕಿವಿ ಬಿಡಿಸಿ ನೋಡಿದರೆ ಔಷಧದ ಕೆಲಸ ಅರ್ಧವಾಗುತ್ತದೆ.

ಉಳಿದರ್ಧಕ್ಕೆ ಪಶು ಆಸ್ಪತ್ರೆಗೆ ಹೋದವರಿಗೆ ಅಲ್ಲಿ ಕೇಳುವ ಪ್ರಶ್ನೆಗಳು ವಿಚಿತ್ರವೆನಿಸುವುದುಂಟು. ನಾಯಿಯ ತೂಕವೆಷ್ಟು, ಎಷ್ಟು ತಿಂಗಳಿನದು, ಮರಿ ಹಾಕಿದೆಯೇ, ಹಿಂದೆ ಮೂರ್ಛೆ ಬಂದಿತ್ತೇ ಎಂಬುದೆಲ್ಲ ಸರಿ. ಅನಂತರ, ಮನೆಯಲ್ಲಿ ಬೆಕ್ಕಿದೆಯೇ, ಅದು ಎಲ್ಲಿ ಮಲಗುತ್ತದೆ ಎನ್ನುತ್ತಾರೆ. ನಾಯಿಯನ್ನು ಕರೆತಂದವರು, ಬೆಕ್ಕಿಗೇನೂ ಆಗಿಲ್ಲ ಎಂದು ಉತ್ತರ ಕೊಡುತ್ತಾರೆ.